ರಿಂಕು ಸಿಂಗ್ ಮೊಣಕೈ ಕೆಡದಿದ್ದರೆ ಮೇಜರ್ ಲೀಗ್ ಮುಟ್ಟುತ್ತಿದ್ದರೇ?

ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಮೈನರ್ ಲೀಗಿನಲ್ಲಿ, ಎಂದರೆ ಅಮೆರಿಕದ ಬೇಸ್‌ಬಾಲಿನ ಅತ್ಯುನ್ನತ ಹಂತವಾದ ಮೇಜರ್ ಲೀಗಿಗೆ ಆಟಗಾರರನ್ನು ಸಿದ್ಧಪಡಿಸುವ ಕೆಳಹಂತಗಳಲ್ಲಿ, ಪಿಚರ್ (ಚೆಂಡು ಎಸೆಯುವವ) ಆಗಿದ್ದ ರಿಂಕು ಸಿಂಗ್ 2012ರಲ್ಲಿ 3.00 ಇ.ಆರ್.ಎ. (ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್ ಬಿಟ್ಟು, ಪಿಚರ್ ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಕೊಡುವ ರನ್) ಸಾಧಿಸಿದ್ದರೂ ಏಕೆ ಮೇಲೇರಲಿಲ್ಲ, ಗಾಯವಾಗದಿದ್ದರೆ ಮೇಲೇರುತ್ತಿದ್ದರೇ ಎಂದು ಕೇಳಿದ್ದೀರಿ. (ಕ್ರಿಕೆಟಿಗ ರಿಂಕು ಸಿಂಗ್ ಬೇರೆ. ಇವರು ಉತ್ತರ ಪ್ರದೇಶದ ಭದೋಹಿ ಕಡೆಯ ಎಡಗೈ ಜಾವೆಲಿನ್ ಎಸೆತಗಾರ. 2008ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಸ್ಪರ್ಧೆ ಗೆದ್ದು ಅಮೆರಿಕಕ್ಕೆ ಹೋಗುವವರೆಗೆ ಬೇಸ್‌ಬಾಲ್ ಆಡಿದವರೇ ಅಲ್ಲ.)

ಒಂಬತ್ತು ಇನಿಂಗ್ಸ್‌ಗೆ ಮೂರು ರನ್ ಮಾತ್ರ ಬಿಟ್ಟುಕೊಟ್ಟರೆಂಬುದು ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಅಂಕಿ ಬಂದದ್ದು ಕೆಳಹಂತದ ‘ಎ’ ದರ್ಜೆಯ ಸೌತ್ ಅಟ್ಲಾಂಟಿಕ್ ಲೀಗಿನಲ್ಲಿ, ವೆಸ್ಟ್ ವರ್ಜೀನಿಯಾ ಪವರ್ ತಂಡದ ಪರವಾಗಿ, ಪಂದ್ಯದ ನಡುವೆ ಇಳಿದು ಒಂದೆರಡು ಇನಿಂಗ್ಸ್ ಎಸೆಯುವ ರಿಲೀವರ್ ಆಗಿ. ಆ ವರ್ಷ ಆಗಸ್ಟ್‌ನಲ್ಲಿ ಅವರಿಗೆ 24 ತುಂಬಿತು. ಎದುರಿನ ಬ್ಯಾಟರ್‌ಗಳಲ್ಲಿ ಹೆಚ್ಚಿನವರು ಅವರಿಗಿಂತ ಎರಡು ಮೂರು ವರ್ಷ ಚಿಕ್ಕವರು. ವಯಸ್ಸಿನ ಈ ಲೆಕ್ಕ ಬಿಟ್ಟು ಮೈನರ್ ಲೀಗಿನ ಯಾವ ಅಂಕಿಯನ್ನೂ ನಾನು ನಂಬುವುದಿಲ್ಲ.

ಹಾಗಾದರೆ ತಡವಾಗಿ ಬಂದವರಿಗೆ ದಾರಿಯೇ ಇಲ್ಲವೇ ಎಂದರೆ, ಇದೆ. ಅದೇ ವರ್ಷ ಅದೇ ಲೀಗಿನ ಸವಾನಾ ತಂಡದಲ್ಲಿ, ಮುಂದೆ ಮೇಜರ್ ಲೀಗಿನಲ್ಲಿ ಹೆಸರು ಮಾಡಿದ ಜೇಕಬ್ ಡಿಗ್ರಾಮ್ ಎಸೆಯುತ್ತಿದ್ದರು. ಅವರೂ 1988ರಲ್ಲಿ ಹುಟ್ಟಿದವರು, ಅವರೂ ಪಿಚಿಂಗಿಗೆ ತಡವಾಗಿ ಬಂದವರು: ಕಾಲೇಜಿನಲ್ಲಿ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್) ಆಗಿದ್ದವರನ್ನು 2010ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಹೊಸ ಆಟಗಾರರ ಆಯ್ಕೆಯ ಒಂಬತ್ತನೇ ಸುತ್ತಿನಲ್ಲಿ ಆರಿಸಿಕೊಂಡಿತು. ಸ್ವಲ್ಪದರಲ್ಲೇ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾಗಿ (ಹರಿದ ಅಸ್ಥಿರಜ್ಜುವಿನ ಜಾಗದಲ್ಲಿ ಬೇರೆಡೆಯ ಸ್ನಾಯುರಜ್ಜು ಜೋಡಿಸುವುದು) 2011 ಪೂರ್ತಿ ಹಾಳಾಯಿತು. ಹಾಳಾಯಿತು ಎನ್ನುವುದೂ ತಪ್ಪೇನೋ. ಚೇತರಿಸಿಕೊಳ್ಳುವ ದಿನಗಳಲ್ಲಿ, ಭುಜದ ಗಾಯದಿಂದ ತಾವೂ ಚೇತರಿಸಿಕೊಳ್ಳುತ್ತಿದ್ದ ಮೆಟ್ಸ್ ತಂಡದ ಹಿರಿಯ ಪಿಚರ್ ಯೋಹಾನ್ ಸಂಟಾನಾ ಅವರಿಂದ ಡಿಗ್ರಾಮ್ ಚೇಂಜಪ್ ಎಂಬ ನಿಧಾನದ ಎಸೆತ ಕಲಿತರು. ವೇಗದ ಚೆಂಡು ಎಸೆಯುವಾಗಿನಷ್ಟೇ ರಭಸದಲ್ಲಿ ತೋಳು ಬೀಸಬೇಕು, ಚೆಂಡು ಮಾತ್ರ ಅಂಗೈಗೆ ಹತ್ತಿರವಿದ್ದು ನಿಧಾನವಾಗಿ ಹೊರಡಬೇಕು. ತೋಳನ್ನು ನಂಬಿದ ಬ್ಯಾಟರ್ ಚೆಂಡು ತಲುಪುವ ಮೊದಲೇ ಬ್ಯಾಟ್ ಬೀಸಿ ಮುಗಿಸಿರುತ್ತಾನೆ.

ನನ್ನ ಮಟ್ಟಿಗೆ ಇವರಿಬ್ಬರ ನಡುವಿನ ಅಂತರವಿರುವುದು ಇಲ್ಲಿ. ಪಂದ್ಯ ಆರಂಭಿಸಿ, ಬ್ಯಾಟಿಂಗ್ ಸರದಿಯನ್ನು ಎರಡು ಮೂರು ಬಾರಿ ಎದುರಿಸಬೇಕಾದ ಸ್ಟಾರ್ಟರ್‌ಗೆ ಸಾಮಾನ್ಯವಾಗಿ ಮೂರು ಬಗೆಯ ಎಸೆತಗಳಾದರೂ ಬೇಕು, ಅವುಗಳ ಮೇಲೆ ಹಿಡಿತವೂ ಬೇಕು. ಮೈನರ್ ಲೀಗ್ ಪಂದ್ಯಕ್ಕೆ ಹೋದಾಗ ನಾನು ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನ ಹಿಂದೆ ಕುಳಿತು ಪಿಚರ್‌ನನ್ನಲ್ಲ, ಕ್ಯಾಚರ್‌ನ ಗ್ಲೌಸನ್ನು ನೋಡುತ್ತೇನೆ. ಅದು ಇಟ್ಟ ಜಾಗದಲ್ಲೇ ಇದ್ದರೆ ಹುಡುಗನ ಕೈಯಲ್ಲಿ ಏನೋ ಇದೆ. ಅತ್ತಿತ್ತ ಓಡಾಡುತ್ತಿದ್ದರೆ ವೇಗ ಅಳೆಯುವ ರೇಡಾರ್ ಗನ್ ಎಷ್ಟೇ ದೊಡ್ಡ ಸಂಖ್ಯೆ ತೋರಿಸಲಿ, ನನಗೆ ಭರವಸೆ ಬರುವುದಿಲ್ಲ.

ಇ.ಆರ್.ಎ. ಎಷ್ಟು ಮೋಸಗೊಳಿಸಬಲ್ಲದೆಂಬುದಕ್ಕೂ ಡಿಗ್ರಾಮ್ ಅವರೇ ಸಾಕ್ಷಿ. 2013ರಲ್ಲಿ ಮೈನರ್ ಲೀಗಿನ ಮೇಲಿನ ಹಂತಗಳಲ್ಲಿ ಅವರ ಇ.ಆರ್.ಎ. 4 ದಾಟಿತ್ತು; 2014ರ ಮೇ 15ರಂದು ಯಾಂಕೀಸ್ ವಿರುದ್ಧ ಮೇಜರ್ ಲೀಗಿಗೆ ಕಾಲಿಟ್ಟವರು ಆ ವರ್ಷ 2.69ರಲ್ಲಿ ಮುಗಿಸಿ, ನ್ಯಾಷನಲ್ ಲೀಗಿನ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದರು.

ರಿಂಕು ವಿಷಯಕ್ಕೆ ಬಂದರೆ, 2012ರ ನಂತರ ಮೊಣಕೈ ಗಾಯ ಅವರನ್ನು ಹೆಚ್ಚು ಆಡಲು ಬಿಡಲಿಲ್ಲ. 2018ರಲ್ಲಿ ಅವರು ಡಬ್ಲ್ಯೂಡಬ್ಲ್ಯೂಇ ಕುಸ್ತಿಗೆ ಸೇರಿದರು. ಗಾಯವಾಗದಿದ್ದರೆ ಸ್ಟಾರ್ಟರ್ ಅಂತೂ ಆಗುತ್ತಿರಲಿಲ್ಲ ಎಂಬುದು ನನ್ನ ಅಂದಾಜು. ಆದರೆ ಎಡಗೈ ಬ್ಯಾಟರ್ ಒಬ್ಬನನ್ನು ಔಟ್ ಮಾಡಿಸಲೆಂದೇ ಕರೆಸುವ ಎಡಗೈ ರಿಲೀವರ್‌ಗಳಿಗೆ ಆ ಕಾಲದಲ್ಲಿ ಪ್ರತಿ ತಂಡದಲ್ಲೂ ಕೆಲಸವಿತ್ತು, ಆ ಬಾಗಿಲು ಅವರಿಗೂ ತೆರೆಯಬಹುದಿತ್ತು. ಇಳಿದ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಎಸೆಯಲೇಬೇಕೆಂಬ, ಇಲ್ಲವೇ ಇನಿಂಗ್ಸ್ ಮುಗಿಸಬೇಕೆಂಬ ನಿಯಮ 2020ರಲ್ಲಿ ಬಂದ ಮೇಲೆ ಆ ಕೆಲಸವೂ ಬಹುಮಟ್ಟಿಗೆ ಮರೆಯಾಯಿತು.