ಊತ ಇಳಿದರೆ ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ನೆಫ್ರೋಟಿಕ್ ಸಿಂಡ್ರೋಮ್ (ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಮೂತ್ರಪಿಂಡದ ಕಾಯಿಲೆ) ಎಂದು ವಾರವಿಡೀ ಆಸ್ಪತ್ರೆಯಲ್ಲಿಟ್ಟಿದ್ದರು. ಮುಖದ ಊತ ಈಗ ಪೂರ್ತಿ ಇಳಿದಿದೆ. ಸ್ಟೀರಾಯ್ಡ್ ನಿಲ್ಲಿಸಲೇ? ಮರುಕಳಿಸಿದರೆ ಮನೆಯಲ್ಲೇ ತಿಳಿಯುವುದು ಹೇಗೆ?
– ಒಬ್ಬ ತಾಯಿ, ರಾಯಚೂರು

ಉತ್ತರ: ಖಂಡಿತ ನಿಲ್ಲಿಸಬೇಡಿ. ಮೊದಲ ಸಲಕ್ಕೆ ನಮ್ಮ ದೇಶದಲ್ಲಿ ರೂಢಿಯಲ್ಲಿರುವ ಕ್ರಮ ಇದು: ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕಿಲೋ ತೂಕಕ್ಕೆ 2 ಮಿ.ಗ್ರಾಂ.ನಂತೆ 6 ವಾರ ದಿನಾ, ಆಮೇಲೆ 1.5 ಮಿ.ಗ್ರಾಂ.ನಂತೆ 6 ವಾರ ದಿನ ಬಿಟ್ಟು ದಿನ. ತಿಂಡಿಯಾದ ಮೇಲೆ ಕೊಡಿ. ಮಾತ್ರೆ ನುಂಗುವಾಗ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡಿರುತ್ತದೆ. ದಿಢೀರನೆ ಬಿಟ್ಟರೆ ಸಣ್ಣ ಜ್ವರಕ್ಕೂ ಮಗು ಕುಸಿದೀತು.

ಡಿಪ್‌ಸ್ಟಿಕ್ (ಮೂತ್ರದಲ್ಲಿನ ಪ್ರೋಟೀನ್ ತೋರಿಸುವ ಪಟ್ಟಿ) ಡಬ್ಬಿ ಒಂದು ತಂದಿಡಿ. ಬೆಳಗಿನ ಮೊದಲ ಮೂತ್ರದಲ್ಲಿ ಪಟ್ಟಿ ಅದ್ದಿ, ಅಂಚಿನ ಹನಿ ಒರೆಸಿ, ಡಬ್ಬಿಯ ಮೇಲೆ ಹೇಳಿದಷ್ಟು ಸೆಕೆಂಡು ಕಾದು ಬಣ್ಣ ಹೋಲಿಸಿ, ಡೈರಿಯಲ್ಲಿ ಬರೆಯಿರಿ. ಮುಚ್ಚಳ ಬಿಗಿಯಾಗಿರಲಿ, ತೇವ ತಗುಲಿದ ಪಟ್ಟಿ ಸುಳ್ಳು ಹೇಳುತ್ತದೆ. ನೆಗಡಿ ಬಂದಾಗ ಒಂದೆರಡು ದಿನ ಪ್ರೋಟೀನ್ ಕಾಣಿಸಬಹುದು, ಗಾಬರಿ ಬೇಡ. ಸತತ 3 ದಿನ ಬಣ್ಣ ಡಬ್ಬಿಯ ಮೇಲಿನ 3+ ಗುರುತಿಗೆ ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ ಹೊಂದಿದರೆ ಮರುಕಳಿಸಿದೆ ಎಂದರ್ಥ.

ಜ್ವರದ ಜೊತೆ ಹೊಟ್ಟೆನೋವು ಬಂದರೆ ಮಾತ್ರ ಡೈರಿ ನೋಡುತ್ತ ಕೂರಬೇಡಿ. ಹೊಟ್ಟೆಯೊಳಗೆ ಸೋಂಕಾಗಿರಬಹುದು, ಅಂದೇ ಆಸ್ಪತ್ರೆಗೆ ಒಯ್ಯಿರಿ. ಸ್ಟೀರಾಯ್ಡ್ ನಡೆಯುತ್ತಿರುವಾಗ ದಡಾರದಂಥ ಜೀವಂತ ಲಸಿಕೆಯನ್ನು ವೈದ್ಯರನ್ನು ಕೇಳದೆ ಹಾಕಿಸಬೇಡಿ.