ಸುರಕ್ಷತಾ ಕ್ಷೇತ್ರಕ್ಕೆ ಹೋಗಲೇ? ಅನುಭವವೇ ಇಲ್ಲವಲ್ಲ!

ಪ್ರಶ್ನೆ: ನನಗೆ 37 ವರ್ಷ. ದೊಡ್ಡ ಹೋಟೆಲೊಂದರ ಹೌಸ್‌ಕೀಪಿಂಗ್ ವಿಭಾಗದಲ್ಲಿ 12 ವರ್ಷದಿಂದ ಇದ್ದೇನೆ, ಈಗ ಶಿಫ್ಟ್ ಸೂಪರ್‌ವೈಸರ್. ಕಳೆದ ವರ್ಷ ನನ್ನ ತಂಡದ ಹುಡುಗಿಯೊಬ್ಬಳು ಟಾಯ್ಲೆಟ್ ತೊಳೆಯುವಾಗ ಬ್ಲೀಚ್ ಜೊತೆ ಇನ್ನೊಂದು ದ್ರಾವಣ ಬೆರೆತು ಉಸಿರುಕಟ್ಟಿ ಬಿದ್ದಳು. ಪುಣ್ಯಕ್ಕೆ ಬದುಕಿಕೊಂಡಳು. ವರದಿಯಲ್ಲಿ ‘ನೌಕರಳ ಅಜಾಗರೂಕತೆ’ ಎಂದಷ್ಟೇ ಬರೆದು ಮುಗಿಸಿದರು. ಅಂದಿನಿಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಕೆಲಸಕ್ಕೇ ಹೋಗಬೇಕು ಅನಿಸುತ್ತಿದೆ. ಎರಡು ಕಡೆ ಅರ್ಜಿ ಹಾಕಿದೆ, ‘ಅನುಭವ ಇಲ್ಲ’ ಎಂದರು. ತರಬೇತಿ ಸಂಸ್ಥೆಯೊಂದು ತಮ್ಮ ಡಿಪ್ಲೊಮಾ ಮಾಡಿದರೆ ಕೆಲಸ ಗ್ಯಾರಂಟಿ ಅನ್ನುತ್ತಿದೆ. ಉಳಿತಾಯವೆಲ್ಲ ಅದಕ್ಕೇ ಹೋಗುತ್ತದೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ಪತಿ ಕೇಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಹಣದ ಮಾತು. ಆ ಡಿಪ್ಲೊಮಾಕ್ಕೆ ಈಗಲೇ ದುಡ್ಡು ಕಟ್ಟಬೇಡಿ, ಇರುವ ಕೆಲಸವನ್ನೂ ಬಿಡಬೇಡಿ. ಆದರೆ ಕ್ಷೇತ್ರ ಬದಲಿಸುವ ಯೋಚನೆ ಸರಿಯಾಗಿಯೇ ಇದೆ. 37 ತಡವೇನಲ್ಲ. ಶಿಫ್ಟ್ ನಡೆಸಿ ಗೊತ್ತಿರುವವರು ಹೇಳಿದರೆ ಕೆಲಸಗಾರರು ಕಿವಿಗೊಡುತ್ತಾರೆ. ಬರೀ ಓದಿಕೊಂಡು ಬಂದವರಿಗೆ ಅದು ಸುಲಭಕ್ಕೆ ದಕ್ಕುವುದಿಲ್ಲ.

‘ಅನುಭವ ಇಲ್ಲ’ ಎಂಬ ಉತ್ತರ ಬಂದದ್ದು ಬಹುಶಃ ನಿಮ್ಮ ಅರ್ಜಿಯ ದೆಸೆಯಿಂದ. ‘ಹೌಸ್‌ಕೀಪಿಂಗ್ ಸೂಪರ್‌ವೈಸರ್, 12 ವರ್ಷ’ ಎಂದು ಬರೆದಿದ್ದರೆ ಓದುವವರ ಕಣ್ಣಿಗೆ ಕಾಣುವುದು ಹಾಸಿಗೆ, ಚಾದರ ಅಷ್ಟೇ. ರಾಸಾಯನಿಕಗಳ ದಾಸ್ತಾನು, ಹೊಸಬರ ತರಬೇತಿ, ಹಾಸಿಗೆ ಎತ್ತಿ ಎತ್ತಿ ಬರುವ ಸೊಂಟನೋವು, ಒದ್ದೆ ನೆಲ, ಕಸದ ಬುಟ್ಟಿಯಲ್ಲಿ ಸಿಗುವ ಬಳಸಿದ ಸೂಜಿ, ಅತಿಥಿಯ ಕೋಣೆಗೆ ಒಬ್ಬಳೇ ಹೋಗಬೇಕಾದ ಕೆಲಸಗಾರ್ತಿ. ಇವೆಲ್ಲ ಸುರಕ್ಷತಾ ಅಧಿಕಾರಿಯ ದಿನನಿತ್ಯದ ವಿಷಯಗಳೇ. ನೀವು ನಿಭಾಯಿಸಿದ್ದೀರಿ, ಆದರೆ ಯಾವುದೂ ಕಾಗದಕ್ಕೆ ಬಂದಿಲ್ಲ. ಮುಂದಿನ ಆರು ತಿಂಗಳು ಅದನ್ನು ಕಾಗದಕ್ಕೆ ತರುವ ಕೆಲಸಕ್ಕೆ ಇಡಿ.

ಆ ಘಟನೆಯಿಂದಲೇ ಶುರುಮಾಡಿ. ಹೈಪೋಕ್ಲೋರೈಟ್ ಇರುವ ಬ್ಲೀಚ್‌ಗೆ ಟಾಯ್ಲೆಟ್ ಕ್ಲೀನರ್‌ನ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಅಮೋನಿಯಾ ಇರುವ ಕ್ಲೀನರ್ ಸೇರಿದರೆ ಕ್ಲೋರಮೈನ್‌ಗಳು ಹುಟ್ಟುತ್ತವೆ. ಅವೂ ಗಂಟಲು, ಶ್ವಾಸಕೋಶ ಸುಡುತ್ತವೆ. ‘ಅಜಾಗರೂಕತೆ’ ಎಂದು ಬರೆದು ಕೈತೊಳೆದುಕೊಂಡರೆ ನಾಳೆ ಇನ್ನೊಬ್ಬಳು ಬೀಳುತ್ತಾಳೆ, ಏಕೆಂದರೆ ಏನೂ ಬದಲಾಗಿಲ್ಲ. ಎರಡೂ ಬಾಟಲಿ ಟ್ರಾಲಿಯ ಒಂದೇ ಖಾನೆಯಲ್ಲಿದ್ದವೇ? ದೊಡ್ಡ ಕ್ಯಾನಿನಿಂದ ಸ್ಪ್ರೇ ಬಾಟಲಿಗೆ ಸುರಿದುಕೊಂಡಾಗ ಲೇಬಲ್ ಅಂಟಿಸಿದ್ದರೇ? ಎಕ್ಸಾಸ್ಟ್ ಫ್ಯಾನ್ ಓಡುತ್ತಿತ್ತೇ? ಒಂದು ಕೋಣೆಗೆ ಕೊಟ್ಟಿದ್ದ ನಿಮಿಷಗಳೆಷ್ಟು, ಮೊದಲ ದ್ರಾವಣವನ್ನು ನೀರು ಹಾಕಿ ತೊಳೆಯುವಷ್ಟಾದರೂ ಬಿಡುವಿತ್ತೇ? ರಾಸಾಯನಿಕ ಒದಗಿಸುವವರು ಕೊಡುವ ಸೇಫ್ಟಿ ಡೇಟಾ ಶೀಟ್‌ನಲ್ಲಿ 16 ವಿಭಾಗಗಳಿರುತ್ತವೆ. 2ನೆಯದು ಅಪಾಯಗಳನ್ನು, 4ನೆಯದು ಪ್ರಥಮ ಚಿಕಿತ್ಸೆಯನ್ನು, 8ನೆಯದು ರಕ್ಷಣಾ ಸಾಧನಗಳನ್ನು, 10ನೆಯದು ಯಾವುದರ ಜೊತೆ ಸೇರಬಾರದು ಎಂಬುದನ್ನು ಹೇಳುತ್ತದೆ. ಬ್ಲೀಚ್‌ನ ಶೀಟ್ ತೆಗೆದು 10ನೆಯ ವಿಭಾಗ ಓದಿ. ಅಲ್ಲಿರುವುದು ಆ ಹುಡುಗಿಗೆ ಅರ್ಥವಾಗುವ ಭಾಷೆಯಲ್ಲಿ ಎಂದಾದರೂ ತಲುಪಿತ್ತೇ ಎಂಬುದೂ ಒಂದು ಪ್ರಶ್ನೆ.

ಇನ್ನು ಇದೇ ಕೆಲಸದ ಮೇಲೆ, ಅಂದರೆ ಒಂದು ಟಾಯ್ಲೆಟ್ ತೊಳೆಯುವುದರ ಮೇಲೆ, ಎರಡು ಮೂರು ಪುಟದ ರಿಸ್ಕ್ ಅಸೆಸ್‌ಮೆಂಟ್, ಅಂದರೆ ಅಪಾಯದ ಅಂದಾಜು, ಬರೆಯಿರಿ. ಪಳಗಿದವರೊಬ್ಬರು, ಹೊಸಬರೊಬ್ಬರು, ರಾತ್ರಿ ಶಿಫ್ಟ್‌ನವರೊಬ್ಬರು ಮಾಡುವುದನ್ನು ನಿಂತು ನೋಡಿ. ಕೈಪಿಡಿಯಲ್ಲಿ ಇರುವಂತಲ್ಲ, ನಿಜವಾಗಿ ಮಾಡುವಂತೆ ಹಂತ ಹಂತವಾಗಿ ಬರೆದುಕೊಳ್ಳಿ. ಪ್ರತಿ ಹಂತಕ್ಕೂ ಯಾವುದರಿಂದ ಪೆಟ್ಟಾಗಬಹುದು, ಯಾರಿಗೆ, ಈಗ ಏನು ತಡೆಯಿದೆ, ಇನ್ನೇನು ಬೇಕು, ಯಾರು ಯಾವ ತಾರೀಕಿನೊಳಗೆ ಮಾಡಬೇಕು ಎಂದು ನಮೂದಿಸಿ.

ಹೊಸಬರು ಎಡವುವುದು ‘ಇನ್ನೇನು ಬೇಕು’ ಎಂಬ ಕಡೆ. ‘ಎಚ್ಚರ ವಹಿಸುವುದು’, ‘ಗ್ಲೌಸ್ ಹಾಕುವುದು’ ಎಂದು ಬರೆದು ಮುಂದೆ ಹೋಗುತ್ತಾರೆ. ಗ್ಲೌಸ್ ಕ್ಲೋರಿನ್ ಉಸಿರಾಡುವುದನ್ನು ತಡೆಯುವುದಿಲ್ಲ, ಸಾಮಾನ್ಯ ಬಟ್ಟೆ ಮಾಸ್ಕೂ ತಡೆಯುವುದಿಲ್ಲ. ತಡೆಗಳಿಗೊಂದು ಕ್ರಮವಿದೆ: ಅಪಾಯವನ್ನೇ ತೆಗೆಯುವುದು, ಕಡಿಮೆ ಅಪಾಯದ್ದನ್ನು ತರುವುದು, ಯಂತ್ರ ಅಥವಾ ಜಾಗದ ವ್ಯವಸ್ಥೆ ಬದಲಿಸುವುದು, ಆಮೇಲೆ ನಿಯಮ ಮತ್ತು ತರಬೇತಿ, ಕಟ್ಟಕಡೆಗೆ ಪಿಪಿಇ, ಅಂದರೆ ಗ್ಲೌಸ್, ಮಾಸ್ಕ್‌ನಂತೆ ಮೈಮೇಲೆ ಧರಿಸುವ ರಕ್ಷಣಾ ಸಾಧನ. ನಿಮ್ಮ ಉದಾಹರಣೆಯಲ್ಲಿ ಟಾಯ್ಲೆಟ್ ಕೆಲಸಕ್ಕೆ ಬ್ಲೀಚ್ ಬೇಕೇ ಬೇಕಾ ಎಂದು ಕೇಳುವುದು ಮೊದಲ ಮೆಟ್ಟಿಲು. ಆಸಿಡ್ ಇಲ್ಲದ ಕ್ಲೀನರ್ ಎರಡನೆಯದು. ದ್ರಾವಣವನ್ನು ಅಳತೆ ಮಾಡಿ ಕೊಡುವ, ಗೋಡೆಗೆ ಹಾಕಿದ ಡೋಸಿಂಗ್ ಯೂನಿಟ್, ಬೇರೆ ಬೇರೆ ಖಾನೆ, ಕೆಲಸ ಮಾಡುವ ಎಕ್ಸಾಸ್ಟ್ ಮೂರನೆಯದು. ಇನ್ನೊಂದು ತಪ್ಪು ಅಂಕಿಗಳಲ್ಲಿ ಆಗುತ್ತದೆ. ಸಂಭವ ಮತ್ತು ತೀವ್ರತೆಗೆ 1ರಿಂದ 5 ಕೊಟ್ಟು ಗುಣಿಸುವ ಕೋಷ್ಟಕದಲ್ಲಿ, ತರಬೇತಿ ಕೊಟ್ಟೆವು ಎಂದ ಮಾತ್ರಕ್ಕೆ ತೀವ್ರತೆಯನ್ನು 4ರಿಂದ 2ಕ್ಕೆ ಇಳಿಸುತ್ತಾರೆ. ತರಬೇತಿಯಿಂದ ಕಡಿಮೆಯಾದರೆ ಸಂಭವ ಕಡಿಮೆಯಾದೀತು. ಅನಿಲ ಒಳಹೋದರೆ ಆಗುವ ಹಾನಿ ಅಷ್ಟೇ ಇರುತ್ತದೆ. ಸಂದರ್ಶನದಲ್ಲಿ ಇದನ್ನು ಬಿಡಿಸಿ ಹೇಳಬಲ್ಲವರು ಎದ್ದು ಕಾಣುತ್ತಾರೆ.

ಜೊತೆಗೆ ನಿಮ್ಮಲ್ಲಿ ಸುರಕ್ಷತಾ ಸಮಿತಿ ಇದ್ದರೆ ಸೇರಿಕೊಳ್ಳಿ, ಪ್ರಥಮ ಚಿಕಿತ್ಸೆಯ ತರಬೇತಿ ಮುಗಿಸಿ, ಬೆಂಕಿ ಡ್ರಿಲ್‌ನಲ್ಲಿ ಒಂದು ಮಹಡಿಯ ಹೊಣೆ ಕೇಳಿ ಪಡೆಯಿರಿ. ಡ್ರಿಲ್ ಮುಗಿದ ಮೇಲೆ ಎಷ್ಟು ನಿಮಿಷ ಹಿಡಿಯಿತು, ತಲೆ ಎಣಿಕೆ ಸರಿಹೋಯಿತೇ, ಯಾರಿಗೆ ಅಲಾರಂ ಕೇಳಿಸಲಿಲ್ಲ ಎಂದು ಅರ್ಧ ಪುಟ ಬರೆದು ಕೊಡಿ. ಟ್ರಾಲಿ ಓಡಾಡಲಿ ಎಂದು ಕಾರಿಡಾರಿನ ಫೈರ್ ಡೋರ್ ಕೆಳಗೆ ಬೆಣೆ ಸಿಕ್ಕಿಸಿಡುವ ಅಭ್ಯಾಸ ನಿಮ್ಮ ವಿಭಾಗದಲ್ಲೇ ಇದ್ದೀತು, ನೋಡಿ. ಬಾಗಿಲು ತೆರೆದಿದ್ದರೆ ಹೊಗೆಗೆ ತಡೆಯೇ ಇಲ್ಲ. ಬೈದು ಬೆಣೆ ಕಿತ್ತರೆ ಮರುದಿನ ಮತ್ತೆ ಬಂದಿರುತ್ತದೆ. ಅಲಾರಂ ಬಂದಾಗ ತಾನಾಗಿ ಬಿಟ್ಟುಕೊಳ್ಳುವ ಮ್ಯಾಗ್ನೆಟಿಕ್ ಹೋಲ್ಡರ್ ಹಾಕಿಸಲು ಶಿಫಾರಸು ಮಾಡಿ.

ಕೂದಲೆಳೆಯಲ್ಲಿ ತಪ್ಪಿದ ಅವಘಡಗಳನ್ನು, ಅಂದರೆ ನಿಯರ್ ಮಿಸ್‌ಗಳನ್ನು, ಬರೆದಿಡುವ ಪುಸ್ತಕ ಶುರುಮಾಡುವುದಾದರೆ ಮ್ಯಾನೇಜರ್‌ಗೆ ಮೊದಲೇ ಹೇಳಿಬಿಡಿ: ಮೊದಲ ತಿಂಗಳುಗಳಲ್ಲಿ ಸಂಖ್ಯೆ ಏರುತ್ತದೆ. ಅಪಾಯ ಹೆಚ್ಚಿತೆಂದಲ್ಲ, ಮುಚ್ಚಿಟ್ಟಿದ್ದು ಹೊರಬರುತ್ತಿದೆ. ಹೇಳದೆ ಹೋದರೆ ಗಾಬರಿಬಿದ್ದು ಪುಸ್ತಕವನ್ನೇ ಮುಚ್ಚಿಸುತ್ತಾರೆ. ಇವನ್ನೆಲ್ಲ ಬೇರೆ ಕಡೆ ತೋರಿಸುವಾಗ ಹೋಟೆಲಿನ, ಜನರ ಹೆಸರು ಅಳಿಸಿ. ಫೋಟೊ ಬಳಸಲು ಅನುಮತಿ ಪಡೆಯಿರಿ; ಹಳೆಯ ಮಾಲೀಕರ ಗುಟ್ಟು ಬಿಚ್ಚಿಟ್ಟವರನ್ನು ಹೊಸಬರು ನಂಬುವುದಿಲ್ಲ.

ಈಗ ಸರ್ಟಿಫಿಕೇಟ್. ನೀವು ಕೆಲಸ ಮಾಡಬೇಕೆಂದಿರುವ ಕಡೆಯ ಉದ್ಯೋಗ ಜಾಹೀರಾತುಗಳನ್ನು ಒಂದು 30ರಷ್ಟು ಕೂಡಿಸಿ, ಯಾವ ಅರ್ಹತೆ ಎಷ್ಟು ಸಲ ಕೇಳಿದ್ದಾರೆ ಎಂದು ಗುರುತು ಹಾಕಿ. ಹಲವು ದೇಶಗಳಲ್ಲಿ ಸುರಕ್ಷತಾ ಅಧಿಕಾರಿಗೆ ಇಂಥದ್ದೇ ಅರ್ಹತೆ ಇರಬೇಕೆಂದು ಕಾನೂನೇ ಹೇಳುತ್ತದೆ, ಅದನ್ನು ಮೂಲದಲ್ಲೇ ಓದಿ. ಬ್ರಿಟನ್ನಿನ ಸುರಕ್ಷತಾ ಪರೀಕ್ಷಾ ಮಂಡಳಿ ನೆಬೋಶ್‌ನ ಇಂಟರ್‌ನ್ಯಾಷನಲ್ ಜನರಲ್ ಸರ್ಟಿಫಿಕೇಟ್‌ಗೆ ಸೇರಲು ಹಿಂದಿನ ಅನುಭವ ಬೇಕಿಲ್ಲ. ಅದರ ಒಂದು ಭಾಗವೇ ನಿಜವಾದ ಕೆಲಸದ ಜಾಗದ ರಿಸ್ಕ್ ಅಸೆಸ್‌ಮೆಂಟ್, ಹಾಗಾಗಿ ಮೇಲೆ ಹೇಳಿದ ಅಭ್ಯಾಸ ಅಲ್ಲಿಯೂ ಒದಗುತ್ತದೆ. ಸುರಕ್ಷತಾ ವೃತ್ತಿಪರರ ಸಂಸ್ಥೆಯಾದ ಐಓಎಸ್‌ಎಚ್‌ನ ‘ಮ್ಯಾನೇಜಿಂಗ್ ಸೇಫ್ಲಿ’ ಮ್ಯಾನೇಜರ್‌ಗಳಿಗಾಗಿ ಇರುವ ಚಿಕ್ಕ ಕೋರ್ಸ್, ರುಚಿ ನೋಡಲು ಸರಿ. ಔದ್ಯೋಗಿಕ ಸುರಕ್ಷತೆಯ ನಿರ್ವಹಣೆಗೆಂದು 2018ರಲ್ಲಿ ಬಂದ ಐಎಸ್‌ಒ 45001 ಮಾನದಂಡದ ಲೀಡ್ ಆಡಿಟರ್ ಕೋರ್ಸನ್ನು ಮೊದಲೇ ಮಾಡಬೇಡಿ. ಒಂದು ಕಾರ್ಖಾನೆ ಹೇಗೆ ನಡೆಯುತ್ತದೆಂದು ನೋಡದವರು ಅದನ್ನು ಆಡಿಟ್ ಮಾಡುವುದು ಹೇಗೆ? ಗ್ಯಾರಂಟಿ ಕೊಡುವ ಆ ಸಂಸ್ಥೆಯನ್ನು ಮೂರು ವಿಷಯ ಕೇಳಿ: ಪ್ರಮಾಣಪತ್ರ ಕೊಡುವುದು ಯಾರು, ಅದು ಅಸಲಿಯೇ ಎಂದು ಉದ್ಯೋಗದಾತರು ಎಲ್ಲಿ ಪರಿಶೀಲಿಸಬೇಕು, ಕೆಲಸ ಸಿಗದಿದ್ದರೆ ಹಣ ವಾಪಸ್ ಎಂದು ಬರೆದುಕೊಡುತ್ತೀರಾ.

ಅರ್ಜಿ ಹಾಕುವಾಗ ಆಸ್ಪತ್ರೆ, ಹೋಟೆಲ್, ಲಾಂಡ್ರಿ, ಗೋದಾಮು, ಕಟ್ಟಡ ನಿರ್ವಹಣೆ ಕಂಪನಿಗಳನ್ನು ಹಿಡಿಯಿರಿ. ನಿರ್ಮಾಣ ಕ್ಷೇತ್ರ, ತೈಲ ಘಟಕ ಈಗ ಬೇಡ. ಸ್ಕ್ಯಾಫೋಲ್ಡಿಂಗ್, ಅಗೆತ, ಕ್ರೇನ್ ಗೊತ್ತಿಲ್ಲದೆ ಅಲ್ಲಿ ನಿಂತರೆ ನಿಮಗೂ ಕಷ್ಟ, ಉಳಿದವರಿಗೂ ಅಪಾಯ. ಹುದ್ದೆಯ ಹೆಸರು ‘ಅಸಿಸ್ಟೆಂಟ್’, ‘ಕೋಆರ್ಡಿನೇಟರ್’ ಎಂದಿದ್ದರೆ ಬೇಸರಪಡಬೇಡಿ.

ಕಾಗದದ ಕೆಲಸ ಬಹಳ ಎಂದು ಕೇಳಿರುತ್ತೀರಿ, ನಿಜ. ಆದರೆ ಆ ಕಾಗದ ಪ್ರಾಣ ಉಳಿಸುತ್ತದೆ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಒಂದು ಪಂಪಿನ ಸುರಕ್ಷತಾ ವಾಲ್ವ್ ರಿಪೇರಿಗೆ ಬಿಚ್ಚಲಾಗಿತ್ತು. ಶಿಫ್ಟ್ ಬದಲಾದಾಗ ಆ ಮಾಹಿತಿ ರಾತ್ರಿಯವರಿಗೆ ದಾಟಲಿಲ್ಲ. ಅವರು ಪಂಪ್ ಚಾಲೂ ಮಾಡಿದರು, ಅನಿಲ ಸೋರಿ ಸ್ಫೋಟವಾಯಿತು. 167 ಜನ ಸತ್ತರು. 12 ವರ್ಷ ಶಿಫ್ಟ್ ಹಸ್ತಾಂತರ ಮಾಡಿದ ನಿಮಗೆ ಅದರ ತೂಕ ಗೊತ್ತು.

ಕಷ್ಟವೂ ಇದೆ. ಹೊಣೆ ನಿಮ್ಮದು, ಅಧಿಕಾರ ಬೇರೆಯವರದು. ‘ಕೆಲಸ ನಿಲ್ಲಬಾರದು’ ಎಂದು ಮೇಲಿನವರು ಒತ್ತಿದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆ ಸಂದರ್ಶನದಲ್ಲಿ ಬರುವ ಸಾಧ್ಯತೆ ಬಹಳ. ‘ತಕ್ಷಣ ಪ್ರಾಣಕ್ಕೆ ಕುತ್ತು ಇದ್ದರೆ ನಿಲ್ಲಿಸುತ್ತೇನೆ, ಆಮೇಲೆ ಮಾತಾಡುತ್ತೇನೆ. ಇಲ್ಲವಾದರೆ ತಾತ್ಕಾಲಿಕ ತಡೆ ಹಾಕಿ, ಸರಿಪಡಿಸುವ ಗಡುವು ಬರೆಸಿಕೊಳ್ಳುತ್ತೇನೆ’ ಎನ್ನಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1981ರ 155ನೇ ಒಡಂಬಡಿಕೆಯೂ ಸನ್ನಿಹಿತವಾದ ಗಂಭೀರ ಅಪಾಯದಿಂದ ಹೊರಬಂದ ಕೆಲಸಗಾರರಿಗೆ ರಕ್ಷಣೆ ಬೇಕೆನ್ನುತ್ತದೆ.

ನಿಮ್ಮ ಪತಿಯ ಅಂಜಿಕೆ ಹಣದ್ದು, ತಪ್ಪಲ್ಲ. ಮೊದಲ ಹುದ್ದೆಯಲ್ಲಿ ಸಂಬಳ ಈಗಿನದಕ್ಕಿಂತ ಕಡಿಮೆಯಾಗಬಹುದು. ಆರು ತಿಂಗಳ ಮನೆಖರ್ಚು ಮುಟ್ಟದೆ ಬದಿಗಿಟ್ಟು, ಮಿಕ್ಕಿದ್ದರಲ್ಲಿ ಮಾತ್ರ ಕೋರ್ಸ್ ಎಂದು ಇಬ್ಬರೂ ಕೂತು ಲೆಕ್ಕ ಹಾಕಿ ಒಪ್ಪಿಕೊಳ್ಳಿ. ಒಂದು ವರ್ಷದಲ್ಲಿ ಹೊರಗೆ ಕರೆ ಬಾರದಿದ್ದರೆ ಈಗಿನ ಹೋಟೆಲಿನಲ್ಲೇ ವಾರಕ್ಕೆ ಒಂದು ದಿನ ಸುರಕ್ಷತಾ ಕೆಲಸವನ್ನು ಲಿಖಿತವಾಗಿ ವಹಿಸಲು ಕೇಳಿ. ಆ ಒಂದು ಪತ್ರ ನಿಮ್ಮ ಅರ್ಜಿಯಲ್ಲಿ ‘ಅನುಭವ’ ಎಂಬ ಜಾಗ ತುಂಬುತ್ತದೆ.