ಗೆಟ್ಟಿಯ ಪುಸ್ತಕ ಓದಿದರೆ ದುಡ್ಡು ಮಾಡಬಹುದೇ?

ಅಮೆರಿಕದ ಎಣ್ಣೆ ಉದ್ಯಮಿ ಜೆ. ಪಾಲ್ ಗೆಟ್ಟಿ ಬರೆದ 'ಹೌ ಟು ಬಿ ರಿಚ್' ಓದಿದರೆ ನಿಜಕ್ಕೂ ಪ್ರಯೋಜನವಿದೆಯೇ, ಕಲಾಕೃತಿ ಸಂಗ್ರಹಿಸುವ ಬಗ್ಗೆಯೂ ಆತ ಬರೆದಿದ್ದಾನಂತೆ, ಎರಡರಲ್ಲಿ ಯಾವುದು ಓದಲಿ ಎಂದು ಕೇಳಿದ್ದೀರಿ. ಎರಡನ್ನೂ ಓದಿದ್ದೇನೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು ಸಾಲದ ಅರ್ಜಿ ನೋಡಿದವನು ನಾನು. ಚಿತ್ರಕಲೆ ಎಂದರೆ ಮನೆಯ ಗೋಡೆಯ ಕ್ಯಾಲೆಂಡರಿನಾಚೆ ಹೆಚ್ಚು ಗೊತ್ತಿಲ್ಲ. ಹಾಗಾಗಿ ದುಡ್ಡಿನ ಪುಸ್ತಕವೇ ನನಗೆ ರುಚಿಸಬೇಕಿತ್ತು. ಆದದ್ದು ಉಲ್ಟಾ.

ದುಡ್ಡಿನ ಪುಸ್ತಕ ಬಂದದ್ದು 1965ರಲ್ಲಿ. ಪ್ಲೇಬಾಯ್ ಪತ್ರಿಕೆಗೆ ಬರೆದ ಲೇಖನಗಳನ್ನೇ ಒಟ್ಟು ಮಾಡಿದ್ದು. ಎಪ್ಪತ್ತರ ಹೊಸ್ತಿಲಲ್ಲಿದ್ದ ಎಣ್ಣೆ ಧಣಿಗೆ ಆ ಪತ್ರಿಕೆಯೇ ಏಕೆ ಬೇಕಾಯಿತು ಎಂದರೆ, ಆಗಷ್ಟೇ ನೌಕರಿಗೆ ಸೇರಿದ ಹುಡುಗರು ಅದನ್ನು ಓದುತ್ತಾರೆ, ನನ್ನ ಮಾತು ಮುಟ್ಟಬೇಕಾದ್ದು ಅವರಿಗೇ ಎಂಬ ಸಮಜಾಯಿಷಿ. ಹೆಸರಿನಲ್ಲೂ ಒಂದು ಜಾಣತನವಿದೆ. 'ಗೆಟ್ ರಿಚ್' ಅಲ್ಲ, 'ಬಿ ರಿಚ್'. ಶ್ರೀಮಂತನಾಗುವುದು ಹೇಗೆ ಅಂತಲ್ಲ, ಶ್ರೀಮಂತನಾಗಿ ಬಾಳುವುದು ಹೇಗೆ ಅಂತ. ಒಳಗೆ ಮಾತ್ರ ಅರ್ಧಕ್ಕಿಂತ ಹೆಚ್ಚು ಗಳಿಕೆಯ ಮಾತೇ.

ಅದರಲ್ಲಿ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಕಂಪನಿಯ ಮೂವರು ಅಧಿಕಾರಿಗಳು ಖರ್ಚಿನ ಬಗ್ಗೆ ತಲೆಯನ್ನೇ ಕೆಡಿಸಿಕೊಳ್ಳುತ್ತಿರಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಗೆಟ್ಟಿ ಒಂದು ಮಾತೂ ಆಡದೆ ಮೂವರ ಸಂಬಳದಲ್ಲೂ ತಲಾ 5 ಡಾಲರ್ ಹಿಡಿಯಲು ಲೆಕ್ಕಪತ್ರ ವಿಭಾಗಕ್ಕೆ ಹೇಳಿದ. ಮೂವರೂ ದೂರು ಹೊತ್ತು ಬಂದರು. ಕಂಪನಿಯ ಸಾವಿರಾರು ಡಾಲರ್ ಸೋರಿದ್ದು ಕಣ್ಣಿಗೆ ಬೀಳಲಿಲ್ಲ, ನಿಮ್ಮ ಐದು ಡಾಲರ್ ಮಾತ್ರ ತಕ್ಷಣ ಕಂಡಿತಲ್ಲ ಎಂದು ಕೇಳಿದನಂತೆ. ಇಬ್ಬರಿಗೆ ಅರ್ಥವಾಯಿತು. ಮೂರನೆಯವನು ಬೇರೆ ಕೆಲಸ ಹುಡುಕಿಕೊಂಡ. ಇಂಥ ಕಥೆಗಳಿಗಾಗಿ ಆ ಪುಸ್ತಕ ಓದಬಹುದು.

ಆದರೆ 'ನಾನೂ ಹೀಗೆ ಮಾಡಿದರೆ' ಎಂದು ಪೆನ್ಸಿಲ್ ಹಿಡಿದು ಗೆರೆ ಎಳೆಯಲು ಹೊರಟಿರೋ, ಸ್ವಲ್ಪ ತಡೆಯಿರಿ. ಅಪ್ಪನ ವಿಷಯವನ್ನು ಗೆಟ್ಟಿ ಮುಚ್ಚಿಟ್ಟಿಲ್ಲ, ಓದುವವರೇ ಆ ಪುಟ ಹಾರಿಸುತ್ತಾರೆ. ಅಪ್ಪ ಜಾರ್ಜ್ ಗೆಟ್ಟಿ ಮಿನಿಯಾಪೊಲಿಸ್‌ನ ವಕೀಲ. 1903ರಲ್ಲಿ ಒಕ್ಲಹೋಮಕ್ಕೆ ಹೋದವನು 500 ಡಾಲರಿಗೆ ಎಣ್ಣೆ ಭೂಮಿಯ ಗುತ್ತಿಗೆ ಹಿಡಿದು ಬದುಕು ಬದಲಿಸಿಕೊಂಡವನು. ಮಗ 1914ರಲ್ಲಿ ಅದೇ ಒಕ್ಲಹೋಮದ ತಲ್ಸಾಗೆ ಬಂದಾಗ ತಿಂಗಳಿಗೆ 100 ಡಾಲರ್ ಖರ್ಚಿಗೆ, ಬಂಡವಾಳ ಅಪ್ಪನದು, ಲಾಭದಲ್ಲಿ ಅಪ್ಪನಿಗೆ 70 ಪಾಲು, ಮಗನಿಗೆ 30.

ನ್ಯಾನ್ಸಿ ಟೇಲರ್ ಎಂಬ ಗುತ್ತಿಗೆ ಹರಾಜಿಗೆ ಬಂದಾಗ ಹುಡುಗ ಮಾಡಿದ್ದು ನಿಜಕ್ಕೂ ಚಾಲಾಕಿನ ಕೆಲಸ. ತಾನು ಕೂಗದೆ, ಬ್ಯಾಂಕಿನ ಅಧಿಕಾರಿಯೊಬ್ಬರ ಕೈಲಿ ಕೂಗಿಸಿದ. ಇವರ ಹಿಂದೆ ಯಾವುದೋ ದೊಡ್ಡ ಕಂಪನಿ ಇದೆ ಎಂದು ಉಳಿದವರು ಸುಮ್ಮನಾದರು. 500 ಡಾಲರಿಗೆ ಗುತ್ತಿಗೆ ಕೈಗೆ ಬಂತು, 1916ರ ಆರಂಭದಲ್ಲಿ ಎಣ್ಣೆ ಚಿಮ್ಮಿತು. ಆ ಅರ್ಜಿ ನನ್ನ ಮೇಜಿಗೆ ಬಂದಿದ್ದರೆ ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಬಾವಿ ಒಣಗಿದ್ದರೆ ನಷ್ಟ ಯಾರ ತಲೆಗೆ? ಅಪ್ಪನ ತಲೆಗೆ. ಅಂಥ ಅಪ್ಪ ಇದ್ದವರು ಪುಸ್ತಕ ಓದದಿದ್ದರೂ ನಡೆಯುತ್ತದೆ.

ಮುಂದಿನದಕ್ಕೆ ಮಾತ್ರ ಅವನಿಗೆ ಪೂರ್ತಿ ಅಂಕ ಕೊಡಬೇಕು. 1930ರಲ್ಲಿ ಅಪ್ಪ ತೀರಿಕೊಂಡಾಗ ಸುಮಾರು 1 ಕೋಟಿ ಡಾಲರ್ ಆಸ್ತಿಯಲ್ಲಿ ಮಗನಿಗೆ ಬಿಟ್ಟದ್ದು 5 ಲಕ್ಷ. ಹಿಡಿತ ಅಮ್ಮನ ಕೈಗೆ ಹೋಯಿತು. ಮಹಾಕುಸಿತದ ಆ ವರ್ಷಗಳಲ್ಲಿ ಎಲ್ಲರೂ ಷೇರು ಎಸೆದು ಓಡುತ್ತಿದ್ದಾಗ ಇವನು ಟೈಡ್ ವಾಟರ್ ಎಂಬ ಎಣ್ಣೆ ಕಂಪನಿಯ ಷೇರುಗಳನ್ನು ವರ್ಷಗಟ್ಟಲೆ ಒಂದೊಂದಾಗಿ ಹೆಕ್ಕಿದ. ಮತ್ತೆ 1949ರಲ್ಲಿ ಸೌದಿ ಅರೇಬಿಯ ಮತ್ತು ಕುವೈತ್ ನಡುವಿನ ತಟಸ್ಥ ವಲಯದಲ್ಲಿ ಎಣ್ಣೆ ಹುಡುಕುವ ಹಕ್ಕಿಗಾಗಿ ಸೌದಿ ದೊರೆಗೆ ಮುಂಗಡವಾಗಿಯೇ 95 ಲಕ್ಷ ಡಾಲರ್ ಕೊಟ್ಟ. ಎಣ್ಣೆ ಸಿಗಲಿ ಬಿಡಲಿ, ವರ್ಷಕ್ಕೆ 10 ಲಕ್ಷ ಬೇರೆ. ಎಣ್ಣೆ ಸಿಕ್ಕಿದ್ದು 1953ರಲ್ಲಿ. ನಾಲ್ಕು ವರ್ಷ ಬರೀ ಮರಳು. ಅಷ್ಟು ಕಾಲ ಕಾಯುವ ತಾಳ್ಮೆ ಪುಸ್ತಕದಿಂದ ಕಲಿಯಬಹುದೇನೋ, ಕಾಯುವಾಗ ಖರ್ಚು ಮಾಡುವ ದುಡ್ಡು ಪುಸ್ತಕದಿಂದ ಬರುವುದಿಲ್ಲ. 1957ರಲ್ಲಿ ಫಾರ್ಚೂನ್ ಪತ್ರಿಕೆ ಅವನನ್ನು ಅಮೆರಿಕದ ಅತಿ ದೊಡ್ಡ ಶ್ರೀಮಂತ ಎಂದು ಕರೆದ ಮೇಲೆ ಹೊರಗಿನ ಜನಕ್ಕೆ ಅವನ ಹೆಸರು ಗೊತ್ತಾದದ್ದು.

ಈಗ ಕಲೆಯ ಪುಸ್ತಕ, 'ದ ಜಾಯ್ಸ್ ಆಫ್ ಕಲೆಕ್ಟಿಂಗ್'. ಇದೂ 1965ರದೇ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಎಂದು ಹೆಸರು ಪಡೆದವನು ಇಲ್ಲಿ ಬೇರೆಯೇ ಮನುಷ್ಯನಾಗಿ ಸಿಗುತ್ತಾನೆ ಎಂದುಕೊಂಡಿದ್ದೆ. ಪೂರ್ತಿ ಹಾಗಲ್ಲ. 1938ರಲ್ಲಿ ಡುವೀನ್ ಎಂಬ ಪ್ರಖ್ಯಾತ ವ್ಯಾಪಾರಿಯಿಂದ ಅರ್ದಬಿಲ್ ಜಮಖಾನೆಯನ್ನು ಸುಮಾರು 70,000 ಡಾಲರಿಗೆ ಕೊಂಡ. ಇರಾನಿನಲ್ಲಿ 1539-40ರ ಸುಮಾರಿಗೆ ನೇಯ್ದ ಜೋಡಿ ಜಮಖಾನೆಗಳಲ್ಲಿ ಅದೊಂದು. ಇನ್ನೊಂದು ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದನ್ನು ರಿಪೇರಿ ಮಾಡಲು ಇದರದೇ ಭಾಗಗಳನ್ನು ಕತ್ತರಿಸಿ ಬಳಸಿದ್ದರು, ಹಾಗಾಗಿ ಇದಕ್ಕೆ ಅಂಚು ಕಮ್ಮಿ. ಒಡಹುಟ್ಟಿದವನ ಮದುವೆಗೆ ತನ್ನ ಬಟ್ಟೆ ಕೊಟ್ಟ ತಮ್ಮನ ಹಾಗೆ. ಅದೇ ವರ್ಷ ಡಚ್ ಚಿತ್ರಕಾರ ರೆಂಬ್ರಾಂಟ್ ಬಿಡಿಸಿದ ಮಾರ್ಟೆನ್ ಲೂಟೆನ್ ಎಂಬ ವರ್ತಕನ ಭಾವಚಿತ್ರವನ್ನು 65,000 ಡಾಲರಿಗೆ ಕೊಂಡ. ತಮ್ಮ ರೆಂಬ್ರಾಂಟನ್ನು ಯಾರೋ ಅಮೆರಿಕದವನು ಹೊತ್ತೊಯ್ದ ಎಂದು ಡಚ್ಚರಿಗೆ ಸಿಟ್ಟು ಬಂದಿತ್ತು. ಮುಂದೆ ಎರಡನ್ನೂ ಲಾಸ್ ಏಂಜಲಿಸ್‌ನ ಸಾರ್ವಜನಿಕ ಮ್ಯೂಸಿಯಂಗೆ ದಾನ ಮಾಡಿದ. ದಾನದ ಹಿಂದೆ ತೆರಿಗೆಯ ಲೆಕ್ಕವೂ ಇತ್ತು ಎನ್ನುವವರಿದ್ದಾರೆ. ಇದ್ದರೂ ಇರಲಿ, ಜನಕ್ಕೆ ಜಮಖಾನೆ ನೋಡಲು ಸಿಕ್ಕಿತಲ್ಲ.

ಓದುತ್ತಾ ಹೋದಂತೆ ಒಂದು ಗಮನಕ್ಕೆ ಬರುತ್ತದೆ. ವಸ್ತು ಎಷ್ಟು ಚೆನ್ನಾಗಿದೆ ಎಂದು ಹೇಳುವಾಗಲೂ ಎಷ್ಟಕ್ಕೆ ಬಂತು ಎಂಬುದು ಪಕ್ಕದಲ್ಲೇ ಕೂತಿರುತ್ತದೆ. ದುಡ್ಡಿನ ಪುಸ್ತಕದಲ್ಲೂ ಕಲೆಯೇ ಅತ್ಯುತ್ತಮ ಹೂಡಿಕೆ ಎಂಬ ಅಧ್ಯಾಯ ಇದೆ. ನಮ್ಮಲ್ಲಿ ಮದುವೆಗೆ ತಂದ ಸೀರೆ ತೋರಿಸುವಾಗ 'ಅಂಗಡಿಯವನು ಹೇಳಿದ್ದು ಇಷ್ಟು, ನಾನು ಕೊಟ್ಟದ್ದು ಇಷ್ಟು' ಎನ್ನುವ ದೊಡ್ಡಮ್ಮಂದಿರು ಇರುತ್ತಾರಲ್ಲ, ಗೆಟ್ಟಿಯ ದನಿ ಅದೇ.

ಆ ದನಿ ತಗ್ಗುವುದು ಒಂದು ವಿಗ್ರಹದ ಮುಂದೆ. 1790ರಲ್ಲಿ ರೋಮಿನ ಹತ್ತಿರದ ತಿವೊಲಿಯಲ್ಲಿ, ಹೇಡ್ರಿಯನ್ ಚಕ್ರವರ್ತಿಯ ಅರಮನೆಯ ಅವಶೇಷಗಳಲ್ಲಿ ಸಿಕ್ಕ, ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್‌ನ ಅಮೃತಶಿಲೆ. ಗೆಟ್ಟಿ ಕೊಂಡದ್ದು 1951ರಲ್ಲಿ. 1955ರಲ್ಲಿ ಎಥೆಲ್ ಲೆವೇನ್ ಜೊತೆ ಪ್ರಕಟಿಸಿದ ಪುಸ್ತಕದಲ್ಲಿ ಈ ವಿಗ್ರಹದ ಸುತ್ತ ಒಂದು ನೀಳ್ಗತೆಯನ್ನೇ ಹೆಣೆದಿದ್ದಾನೆ. ಪ್ರಾಚೀನ ರೋಮನ್ನರ ಹರ್ಕ್ಯುಲೇನಿಯಂ ಪಟ್ಟಣದ ಒಂದು ದೊಡ್ಡ ಬಂಗಲೆ ಅದರಲ್ಲಿ ಬರುತ್ತದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಉಗುಳಿದ ಬೂದಿಯಡಿ ಹೂತುಹೋಗಿ, ಕರಿಕಾದ ಪಪೈರಸ್ ಸುರುಳಿಗಳ ಸಮೇತ 18ನೇ ಶತಮಾನದಲ್ಲಿ ಪತ್ತೆಯಾದ ಬಂಗಲೆ ಅದು. ಕಥೆಯಾಗಿ ಅದು ಸಪ್ಪೆ. ಬರೆಯಲು ಬಾರದವನು ಬರೆಯಲೇಬೇಕೆಂದು ಬರೆದದ್ದು ಪ್ರತಿ ಪುಟದಲ್ಲೂ ಕಾಣುತ್ತದೆ. ಅದಕ್ಕೇ ನನಗೆ ಅದರ ಮೇಲೆ ಪ್ರೀತಿ. ಅಲ್ಲಿ ಬೆಲೆಯ ಮಾತಿಲ್ಲ.

ಕಥೆಯಲ್ಲಿ ಕಟ್ಟಿದ ಬಂಗಲೆಯನ್ನು ಅವನು ಕ್ಯಾಲಿಫೋರ್ನಿಯದ ಕಡಲ ದಂಡೆಯಲ್ಲಿ ನಿಜವಾಗಿಯೂ ಕಟ್ಟಿಸಿದ. 1974ರ ಜನವರಿಯಲ್ಲಿ ಅದು ಮ್ಯೂಸಿಯಂ ಆಗಿ ತೆರೆಯಿತು. ಮಗಳ ಮನೆಗೆ ಹೋದಾಗ ನಾವು ನೋಡಿದೆವು. ಪ್ರವೇಶ ಉಚಿತ, ಕಾರು ನಿಲ್ಲಿಸಲು ಮಾತ್ರ ದುಡ್ಡು. ಗೆಟ್ಟಿಯ ಸ್ವಭಾವಕ್ಕೆ ಒಪ್ಪುವ ಏರ್ಪಾಡು ಎಂದು ನಾನು ನಕ್ಕೆ, ಮಗಳು ರಸೀದಿ ಕಿಸೆಗೆ ತುರುಕಿದಳು. ಹೆರಾಕ್ಲಿಸ್ ತನ್ನದೇ ಗುಡಿಯಂಥ ಕೋಣೆಯಲ್ಲಿ ನಿಂತಿದ್ದ. 'ಇಷ್ಟೆಲ್ಲ ಕಟ್ಟಿಸಿದವನು ಇಲ್ಲಿ ಎಷ್ಟು ವರ್ಷ ಇದ್ದ?' ಎಂದಳು ನನ್ನಾಕೆ. ಒಂದು ದಿನವೂ ಇಲ್ಲ. ವಿಮಾನ ಹತ್ತಲು ಹೆದರುತ್ತಿದ್ದ ಆತ ಕೊನೆಯವರೆಗೂ ಇಂಗ್ಲೆಂಡಿನಲ್ಲೇ ಉಳಿದ. 1976ರಲ್ಲಿ ತೀರಿಕೊಂಡ ಮೇಲೆ ತಂದು ಅಲ್ಲೇ ಮಣ್ಣು ಮಾಡಿದರು.

ಬಂಗಲೆಯ ಕೆಲಸ ಮುಗಿಯುತ್ತಿದ್ದ 1973ರಲ್ಲೇ ಮೊಮ್ಮಗನನ್ನು ರೋಮಿನಲ್ಲಿ ಅಪಹರಿಸಿದ್ದು. ಹದಿನಾರರ ಹುಡುಗ. ಕೇಳಿದ್ದು 1.7 ಕೋಟಿ ಡಾಲರ್. ತಾತ ಜಗ್ಗಲಿಲ್ಲ. ಹುಡುಗನ ಕಿವಿ ಕತ್ತರಿಸಿ ಕಳಿಸಿದ ಮೇಲೆ ಚೌಕಾಸಿ ನಡೆದು ಸುಮಾರು 30 ಲಕ್ಷಕ್ಕೆ ಬಂತು. ತೆರಿಗೆ ವಿನಾಯಿತಿ ಸಿಗುವಷ್ಟನ್ನು, ಅಂದರೆ ಸುಮಾರು 22 ಲಕ್ಷವನ್ನು, ತಾನು ಕೊಟ್ಟು, ಉಳಿದದ್ದನ್ನು ಮಗನಿಗೆ ಶೇ. 4ರ ಬಡ್ಡಿಗೆ ಸಾಲ ಕೊಟ್ಟ. ಸತ್ತ ವರ್ಷವೇ ಬಂದ ಆತ್ಮಕಥೆ 'ಆ್ಯಸ್ ಐ ಸೀ ಇಟ್'ನಲ್ಲಿ ಸಮರ್ಥನೆ ಇದೆ: ಒಬ್ಬನಿಗೆ ಕೊಟ್ಟರೆ ಉಳಿದ ಮೊಮ್ಮಕ್ಕಳಿಗೂ ಅಪಾಯ. ವಾದವನ್ನು ತಳ್ಳಿಹಾಕಲಾರೆ. ಬಡ್ಡಿಯ ವಿಷಯಕ್ಕೆ ಬಂದರೆ, ನಾನು ಬ್ಯಾಂಕಿನವನು, ನನಗೂ ಅದು ಗಂಟಲಲ್ಲಿ ಇಳಿಯಲಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ನೇರ ಉತ್ತರ. ಒಂದನ್ನೇ ಓದುವುದಾದರೆ ಕಲೆಯ ಪುಸ್ತಕ ಓದಿ, ಅದರಲ್ಲೂ ಇಟಲಿಯ ಹೆಸರಾಂತ ಚಿತ್ರಕಾರ ರಾಫೆಲ್‌ನ ಪ್ರಸಂಗ. 1938ರಲ್ಲೇ ಲಂಡನ್ನಿನ ಹರಾಜಿನಲ್ಲಿ 40 ಪೌಂಡಿಗೆ ಮಾತೆ ಮೇರಿಯ ಹಳೆಯ ಚಿತ್ರವೊಂದನ್ನು ಕೊಂಡಿದ್ದ. ವರ್ಷಗಳ ಮೇಲೆ ಅದು ಸಾಕ್ಷಾತ್ ರಾಫೆಲ್‌ನ ಕೈಯದು ಎಂದು ತಜ್ಞರು ಹೇಳಿದಾಗ ಅವನ ಸಂಭ್ರಮ ನೋಡಬೇಕು. ಅಂಥ ಅಗ್ಗದ ವ್ಯಾಪಾರ ಜೀವಮಾನದಲ್ಲೇ ಸಿಕ್ಕಿರಲಿಲ್ಲ. ಮುಂದೆ ಆದದ್ದು ಪುಸ್ತಕದಲ್ಲಿಲ್ಲ: ರಾಫೆಲ್ ಬಿಡಿಸಿದ್ದು ಫ್ರಾನ್ಸಿನ ಶಾಂಟಿಯಿಯಲ್ಲಿರುವ ಚಿತ್ರ, ಗೆಟ್ಟಿಯದು ಅದರ ನಕಲು ಎಂದು ವಿದ್ವಾಂಸರು ಈಗ ಒಪ್ಪಿದ್ದಾರೆ. ನಕಲಿಗೆ 40 ಪೌಂಡ್ ಆ ಕಾಲಕ್ಕೆ ನ್ಯಾಯವಾದ ಬೆಲೆಯೇ ಇರಬೇಕು.